ಪ್ರಾಪರ್ಟಿ ಮ್ಯಾನೇಜರ್ ಕೆಲಸದ ಸಂದರ್ಶನ: ಬಸ್ಸು ಹತ್ತುವ ಮೊದಲು ತಿಳಿದಿರಬೇಕಾದದ್ದು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಿಂದಲೂ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯಿಂದಲೂ ಓದುಗರು ಕೇಳುತ್ತಿರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಪ್ರಾಪರ್ಟಿ ಮ್ಯಾನೇಜರ್ ಬೇಕಾಗಿದ್ದಾರೆ’ ಎಂಬ ಜಾಹೀರಾತು ನೋಡಿ ಬಸ್ಸು ಹಿಡಿದು ಹೋದೆವು, ಮೂರು ತಾಸು ಕಾಯಿಸಿದರು, ಒಳಗೆ ಕರೆದ ಮೇಲೆ ಜಾಹೀರಾತಿನಲ್ಲಿ ಇಲ್ಲದ ಕೆಲಸಗಳನ್ನೆಲ್ಲ ಹೇಳಿದರು, ‘ತಿಳಿಸುತ್ತೇವೆ’ ಎಂದು ಕಳುಹಿಸಿದವರು ಆಮೇಲೆ ಫೋನನ್ನೇ ಎತ್ತಲಿಲ್ಲ. ಇಂಥ ಸಂದರ್ಶನಗಳನ್ನು ಹೇಗೆ ಎದುರಿಸಬೇಕು, ಯಾವುದಕ್ಕೆ ಹೋಗಬೇಕು, ಯಾವುದನ್ನು ಮೊದಲೇ ಬಿಟ್ಟುಬಿಡಬೇಕು? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವ ಬದಲು, ಹಂತ ಹಂತವಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಆಸ್ತಿ ನಿರ್ವಹಣೆ ಎಂದರೆ ಮಾಲೀಕರ ಪರವಾಗಿ ಅವರ ಮನೆ, ಫ್ಲ್ಯಾಟು, ಹೋಮ್‌ಸ್ಟೇ ಅಥವಾ ರೆಸಾರ್ಟನ್ನು ನೋಡಿಕೊಳ್ಳುವುದು: ಬಾಡಿಗೆ ವಸೂಲಿ, ದುರಸ್ತಿ, ಕೆಲಸಗಾರರ ಮೇಲ್ವಿಚಾರಣೆ, ಲೆಕ್ಕ, ಕಾಗದಪತ್ರ ಎಲ್ಲವೂ ಅದರೊಳಗೆ ಬರುತ್ತವೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಕೆಲಸ ಬಹುಮಟ್ಟಿಗೆ ಗೋಕರ್ಣ, ಹೊನ್ನಾವರ, ಮುರ್ಡೇಶ್ವರಗಳ ಸಮುದ್ರದ ದಂಡೆಯಲ್ಲಿ, ದಾಂಡೇಲಿ–ಜೋಯಿಡಾದ ಕಾಡಿನ ಅಂಚಿನಲ್ಲಿ, ಶಿರಸಿ ಸುತ್ತಲಿನ ತೋಟದ ಮನೆಗಳಲ್ಲಿ, ನೌಕಾನೆಲೆ ಮತ್ತು ಕೈಗಾ ಅಣುವಿದ್ಯುತ್ ಕೇಂದ್ರದ ನೌಕರರು ಬಾಡಿಗೆಗೆ ಹಿಡಿಯುವ ಕಾರವಾರದ ಫ್ಲ್ಯಾಟುಗಳಲ್ಲಿ ಸಿಗುತ್ತದೆ. ಗಡಿ ದಾಟಿದರೆ ಗೋವೆಯ ಕಾಣಕೋಣದ ಕಡೆಯೂ ಸಿಗುತ್ತದೆ.

ನಾನು ಕಂಡಂತೆ, ಈ ಸಂದರ್ಶನಗಳು ಕೆಡುವುದಕ್ಕೆ ದೊಡ್ಡ ಕಾರಣ ಒಂದೇ ಹೆಸರಿನ ಕೆಳಗೆ ನಾಲ್ಕು ಬೇರೆ ಬೇರೆ ಕೆಲಸಗಳು ಅಡಗಿರುವುದು. ಕರೆಯುವವರು ತಮಗೆ ಬೇಕಾದದ್ದು ಯಾವುದೆಂದು ಹೇಳುವುದಿಲ್ಲ, ಹೋಗುವವರು ಕೇಳುವುದಿಲ್ಲ, ಎದುರುಬದುರು ಕುಳಿತ ಮೇಲೆ ಇಬ್ಬರಿಗೂ ಬೇಸರವಾಗುತ್ತದೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಅರ್ಧದಷ್ಟು ಸಂದರ್ಶನದ ಕೋಣೆಗೆ ಕಾಲಿಡುವ ಮೊದಲೇ ಮುಗಿಯಬೇಕಾದವು.

1. ನಾಲ್ಕರಲ್ಲಿ ಇದು ಯಾವ ಕೆಲಸ ಎಂದು ಗುರುತಿಸಿಕೊಳ್ಳಿ

ಮೊದಲನೆಯದು ಉಸ್ತುವಾರಿ ಕೆಲಸ, ಜನರ ಬಾಯಲ್ಲಿ ಕೇರ್‌ಟೇಕರ್. ಅಲ್ಲಿಯೇ ವಾಸವಿದ್ದು, ಗೇಟು ತೆರೆಯುವುದರಿಂದ ಹಿಡಿದು ಬಾವಿಯ ಪಂಪು ಚಾಲೂ ಮಾಡುವವರೆಗೆ ಎಲ್ಲವನ್ನೂ ಮಾಡಬೇಕಾದ ಕೆಲಸ ಇದು. ಎರಡನೆಯದು ಅತಿಥಿ ನಿರ್ವಹಣೆ: ಬುಕಿಂಗ್ ಜಾಲತಾಣಗಳಲ್ಲಿ ಕೋಣೆಗಳನ್ನು ತೋರಿಸುವುದು, ದರ ನಿಗದಿ, ಅತಿಥಿಗಳ ಸ್ವಾಗತ, ಅವರು ಬರೆಯುವ ವಿಮರ್ಶೆಗಳಿಗೆ ಉತ್ತರ. ಮೂರನೆಯದು ವಸತಿ ಸಮುಚ್ಚಯಗಳ ನಿರ್ವಹಣೆ. ಲಿಫ್ಟು, ಜನರೇಟರು, ಕೊಳಚೆ ನೀರು ಶುದ್ಧೀಕರಣ ಘಟಕ, ಕಾವಲುಗಾರರು ಮತ್ತು ನಿವಾಸಿಗಳ ಸಂಘದ ಲೆಕ್ಕ ಇದರಲ್ಲಿ ಸೇರುತ್ತವೆ. ನಾಲ್ಕನೆಯದು ವಾಸ್ತವದಲ್ಲಿ ನಿರ್ವಹಣೆಯೇ ಅಲ್ಲ, ಸೈಟು ಮತ್ತು ಮನೆಗಳ ಮಾರಾಟ.

ಈ ನಾಲ್ಕನೆಯದರ ಬಗ್ಗೆ ವಿಶೇಷ ಎಚ್ಚರ ಬೇಕು. ‘ಸಂಬಳದ ಜೊತೆ ಆಕರ್ಷಕ ಇನ್ಸೆಂಟಿವ್’, ‘ಸ್ವಂತ ಬೈಕ್ ಕಡ್ಡಾಯ’, ‘ಸಂಪರ್ಕ ಇರುವವರಿಗೆ ಆದ್ಯತೆ’ ಎಂಬ ಮಾತುಗಳು ಒಟ್ಟಿಗೆ ಕಂಡರೆ ಅದು ಕಮಿಷನ್ ಮೇಲಿನ ಮಾರಾಟದ ಕೆಲಸವೆಂದು ತಿಳಿಯುವುದು ಒಳ್ಳೆಯದು. ಮಾರಾಟದ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ನೋಂದಾಯಿತ ಯೋಜನೆಗಳ ನಿವೇಶನ ಅಥವಾ ಫ್ಲ್ಯಾಟನ್ನು ಕಮಿಷನ್ನಿಗಾಗಿ ಮಾರಿಕೊಡುವ ದಲ್ಲಾಳಿ 2016ರ ರೇರಾ ಕಾಯ್ದೆಯಡಿ, ಅಂದರೆ ಸ್ಥಿರಾಸ್ತಿ ವ್ಯವಹಾರದ ನಿಯಂತ್ರಣ ಕಾಯ್ದೆಯಡಿ, ಏಜೆಂಟ್ ಎಂದು ನೋಂದಾಯಿಸಿಕೊಂಡಿರಬೇಕು. ಆ ನೋಂದಣಿ ಸಂಸ್ಥೆಯ ಹೆಸರಿನಲ್ಲಿದೆಯೇ ಎಂದು ಕೇಳಿದಾಗ ಮಾತು ತೇಲಿಸಿದರೆ ಅಲ್ಲಿಂದ ಎದ್ದು ಬರಬಹುದು.

ಬಯೋಡೇಟಾವನ್ನೂ ಈ ವಿಂಗಡಣೆಗೆ ಹೊಂದಿಸಿ ಬರೆಯಬೇಕು. ಉಸ್ತುವಾರಿ ಕೆಲಸಕ್ಕೆ ಹೋಗುವವರು ತಮಗೆ ಬರುವ ಕೈಕೆಲಸಗಳನ್ನು, ಅಂದರೆ ಪ್ಲಂಬಿಂಗ್, ವಿದ್ಯುತ್ತಿನ ಸಣ್ಣ ದುರಸ್ತಿ, ತೋಟದ ಕೆಲಸ, ಅಡುಗೆ ಇವನ್ನು ಮೊದಲು ಬರೆಯಲಿ. ಅತಿಥಿ ನಿರ್ವಹಣೆಗೆ ಹೋಗುವವರು ಭಾಷೆಗಳನ್ನು ಮೊದಲು ಬರೆಯಲಿ. ನಮ್ಮವರಲ್ಲಿ ಅನೇಕರಿಗೆ ಕನ್ನಡ, ಕೊಂಕಣಿ, ಹಿಂದಿ ಮೂರೂ ಸಲೀಸಾಗಿ ಬರುತ್ತವೆ. ಅದನ್ನು ಹೇಳಿಕೊಳ್ಳಬೇಕಾದ ಅರ್ಹತೆ ಎಂದು ಯಾರೂ ಭಾವಿಸುವುದಿಲ್ಲ. ಕಾರವಾರದ ಬಾಡಿಗೆದಾರರೊಡನೆ ಹಿಂದಿ, ಪ್ಲಂಬರನೊಡನೆ ಕೊಂಕಣಿ, ಪಂಚಾಯತ ಕಚೇರಿಯಲ್ಲಿ ಕನ್ನಡ ಆಡಬಲ್ಲವರು ಹೊರಗಿನಿಂದ ಬಂದ ಪದವೀಧರರಿಗಿಂತ ಮಾಲೀಕರಿಗೆ ಎಷ್ಟೋ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

2. ಹೊರಡುವ ಮೊದಲು ಫೋನಿನಲ್ಲಿ ಐದು ನಿಮಿಷ ಮಾತನಾಡಿ

ಕಾರವಾರದಿಂದ ಶಿರಸಿಗೆ ಹೋಗಿ ಬರುವುದೆಂದರೆ ಒಂದು ದಿನ ಕಳೆದಂತೆಯೇ. ಶಿರಸಿಗೆ ರೈಲಿಲ್ಲ, ಗೋಕರ್ಣ ರೋಡ್ ನಿಲ್ದಾಣ ಗೋಕರ್ಣ ಪೇಟೆಯಿಂದ ದೂರ, ಕಾರವಾರದ ರೈಲು ನಿಲ್ದಾಣವೂ ಪೇಟೆಯೊಳಗಿಲ್ಲ, ಶಿರವಾಡದಲ್ಲಿದೆ. ಮಳೆಗಾಲದಲ್ಲಂತೂ ದೇವಿಮನೆ ಘಟ್ಟದಲ್ಲಿ ಯಾವಾಗ ಮಣ್ಣು ಕುಸಿಯುತ್ತದೆಂದು ಹೇಳಲಾಗದು, 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯೇ ಬಂದ್ ಆಗಿದ್ದನ್ನು ಯಾರೂ ಮರೆತಿಲ್ಲ. ಹೀಗಿರುವಾಗ ‘ನಾಳೆ ಬಂದು ಕಾಣಿ’ ಎಂಬ ಒಂದು ಸಾಲಿನ ವಾಟ್ಸಾಪ್ ಸಂದೇಶ ನಂಬಿ ಹೊರಡುವುದು ಸರಿಯಲ್ಲ.

ಫೋನಿನಲ್ಲಿ ಕೇಳಬೇಕಾದವು ಇಷ್ಟು: ಆಸ್ತಿ ಎಲ್ಲಿದೆ ಮತ್ತು ಎಷ್ಟು ಕೋಣೆ ಅಥವಾ ಮನೆಗಳಿವೆ, ಸಂದರ್ಶನ ಮಾಡುವವರು ಮಾಲೀಕರೋ ಅವರ ಪರವಾಗಿ ಬೇರೆಯವರೋ, ಅಲ್ಲಿಯೇ ವಾಸ ಇರಬೇಕೋ, ಈಗ ಅಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆ, ಸಂಬಳ ಯಾವ ಅಂದಾಜಿನೊಳಗಿದೆ. ಕೊನೆಯ ಪ್ರಶ್ನೆ ಕೇಳಲು ನಮ್ಮಲ್ಲಿ ಸಂಕೋಚ ಹೆಚ್ಚು. ‘ಸರ್, ದೂರದಿಂದ ಬರಬೇಕು, ಪಗಾರದ ಒಂದು ಅಂದಾಜು ಹೇಳಿದರೆ ಇಬ್ಬರಿಗೂ ಅನುಕೂಲ’ ಎಂದು ಕೇಳಿದರೆ ತಪ್ಪು ತಿಳಿಯುವವರು ಕಡಿಮೆ. ತಪ್ಪು ತಿಳಿದುಕೊಂಡರೆ ಬಸ್ಸಿನ ವೇಳೆ ಉಳಿಯಿತೆಂದುಕೊಳ್ಳಿ. ಮಾತು ಮುಗಿದ ಮೇಲೆ ದಿನ, ವೇಳೆ, ಸ್ಥಳ, ಭೇಟಿಯಾಗುವವರ ಹೆಸರು ಇವನ್ನು ನೀವೇ ಬರೆದು ಸಂದೇಶವಾಗಿ ಕಳುಹಿಸಿ, ‘ಸರಿ’ ಎಂಬ ಉತ್ತರ ಬಂದ ನಂತರವೇ ಹೊರಡಿ. ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ಫೋನ್ ಮಾಡಿ.

ಇದೇ ಹಂತದಲ್ಲಿ ಮೋಸಗಳೂ ನಡೆಯುತ್ತವೆ. ನೋಂದಣಿ ಶುಲ್ಕ, ಸಮವಸ್ತ್ರದ ಹಣ, ತರಬೇತಿಯ ಠೇವಣಿ, ‘ಗೇಟ್ ಪಾಸ್’ ವೆಚ್ಚ, ಹೀಗೆ ಯಾವ ಹೆಸರಿನಲ್ಲಿ ಕೇಳಿದರೂ ಕೆಲಸ ಕೊಡುವವರಿಗೆ ನೀವು ಹಣ ಕಟ್ಟಬೇಡಿ. ನೌಕಾನೆಲೆಯ ವಸತಿಗೃಹಗಳ ನಿರ್ವಹಣೆಯ ಕೆಲಸವೆಂದು ಹೇಳಿ ಹಣ ಕೇಳುವವರು ಸಿಕ್ಕರೆ ಇನ್ನೂ ಹೆಚ್ಚು ಜಾಗ್ರತೆ ವಹಿಸಿ. ಹಣ ಕಳುಹಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ, ಅಂದರೆ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

3. ಕಟ್ಟಡದ ಭಾಷೆಯನ್ನೂ ಲೆಕ್ಕದ ಭಾಷೆಯನ್ನೂ ಕಲಿತು ಹೋಗಿ

ಸಂದರ್ಶನ ಮಾಡುವವರಲ್ಲಿ ಅನೇಕರಿಗೆ ಏನು ಕೇಳಬೇಕೆಂದು ತಿಳಿದಿರುವುದಿಲ್ಲ. ‘ನಿಮ್ಮ ಬಗ್ಗೆ ಹೇಳಿ’, ‘ಐದು ವರ್ಷದ ನಂತರ ಎಲ್ಲಿರುತ್ತೀರಿ’ ಎಂದು ಎಲ್ಲಿಯೋ ಓದಿದ ಪ್ರಶ್ನೆಗಳನ್ನು ಕೇಳುತ್ತಾರೆ. ಮಾತನ್ನು ಅಲ್ಲಿಂದ ಕಟ್ಟಡದ ಕಡೆಗೆ ತಿರುಗಿಸುವುದು ನಿಮ್ಮ ಕೈಯಲ್ಲಿದೆ, ಅದಕ್ಕೆ ವಿಷಯ ಗೊತ್ತಿರಬೇಕು.

ಕರಾವಳಿಯ ಕಟ್ಟಡದ ಮೊದಲ ವೈರಿ ಉಪ್ಪುಗಾಳಿ. ಕಬ್ಬಿಣದ ಗೇಟು, ಕಿಟಕಿಯ ಸರಳು, ಎಸಿಯ ಹೊರಘಟಕ ಇವೆಲ್ಲ ಘಟ್ಟದ ಮೇಲಿನದಕ್ಕಿಂತ ಬಹಳ ಬೇಗ ತುಕ್ಕು ಹಿಡಿಯುತ್ತವೆ. ಹೊರಘಟಕದ ಮೇಲೆ ಕೂತ ಉಪ್ಪನ್ನು ಆಗಾಗ ಸಿಹಿನೀರಿನಿಂದ ತೊಳೆಸುತ್ತಿದ್ದರೆ ಅದರ ಆಯುಷ್ಯ ಹೆಚ್ಚುತ್ತದೆ. ಎರಡನೆಯ ಸಮಸ್ಯೆ ಬಾವಿಯದು. ದಂಡೆಯ ಊರುಗಳಲ್ಲಿ ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಅತಿಥಿಗಳೂ ಹೆಚ್ಚು, ಪಂಪೂ ಹೆಚ್ಚು ಹೊತ್ತು ಓಡುತ್ತದೆ, ಆಗ ಕೆಳಗಿನ ಉಪ್ಪುನೀರು ಮೇಲೆ ಬಂದು ಬಾವಿ ಕೆಡುತ್ತದೆ. ನೀರಿನಲ್ಲಿ ಕರಗಿರುವ ಲವಣಾಂಶವನ್ನು ಅಳೆಯುವ ಸಣ್ಣ ಟಿಡಿಎಸ್ ಮೀಟರು ಅಗ್ಗಕ್ಕೆ ಸಿಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದಂತೆ ಲೀಟರಿಗೆ 500 ಮಿಲಿಗ್ರಾಂ ಅಪೇಕ್ಷಣೀಯ ಮಿತಿ, ಬೇರೆ ಮೂಲ ಇಲ್ಲದಿದ್ದಾಗ 2,000 ಗರಿಷ್ಠ ಮಿತಿ. ‘ಬೇಸಿಗೆಯಲ್ಲಿ ಬಾವಿಯ ಟಿಡಿಎಸ್ ಎಷ್ಟು ಬರುತ್ತದೆ?’ ಎಂದು ಅಭ್ಯರ್ಥಿಯೇ ಕೇಳಿದರೆ ಸಂದರ್ಶನದ ಧಾಟಿಯೇ ಬದಲಾಗುವುದನ್ನು ನೋಡುತ್ತೀರಿ. ಟ್ಯಾಂಕಿನ ಅಳತೆಗೂ ಒಂದು ಲೆಕ್ಕ ತಿಳಿದಿರಲಿ: ತಲೆಗೆ ದಿನಕ್ಕೆ 135 ಲೀಟರು ಎಂಬುದು ನಗರ ನೀರು ಪೂರೈಕೆಯಲ್ಲಿ ಬಳಸುವ ಪ್ರಮಾಣ, 8 ಕೋಣೆಗಳಲ್ಲಿ ಇಬ್ಬರಂತೆ ಅತಿಥಿಗಳಿದ್ದರೆ 2,160 ಲೀಟರು, ಅದರ ಮೇಲೆ ಅಡುಗೆಮನೆ, ಬಟ್ಟೆ ತೊಳೆಯುವುದು, ಕೆಲಸಗಾರರ ಬಳಕೆ.

ಘಟ್ಟದ ಮೇಲೆ ಉಪ್ಪಿನ ಕಾಟವಿಲ್ಲ, ಒದ್ದೆಯ ಕಾಟವಿದೆ. ಶಿರಸಿ, ಸಿದ್ದಾಪುರದ ಮಳೆಗಾಲದಲ್ಲಿ ಮುಚ್ಚಿಟ್ಟ ಕೋಣೆಯ ಹಾಸಿಗೆ, ಕಪಾಟು, ಗೋಡೆ ಎಲ್ಲದಕ್ಕೂ ಬೂಸಲು ಹಿಡಿಯುತ್ತದೆ, ಮರದ ಕಂಬಗಳಿಗೆ ಒರಲೆ ಹತ್ತುತ್ತದೆ, ಮಂಗಗಳು ಹಂಚು ಸರಿಸಿ ಸೋರುವಂತೆ ಮಾಡುತ್ತವೆ, ತಂತಿಯ ಮೇಲೆ ಮರ ಬಿದ್ದು ಹೆಸ್ಕಾಂ ವಿದ್ಯುತ್ತು ಹೋದರೆ ಯಾವಾಗ ಬಂದೀತೆಂಬ ಖಾತ್ರಿ ಇರುವುದಿಲ್ಲ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಿ ಒಡೆದವನ್ನು ಬದಲಿಸುವುದು, ಗಟಾರದ ಹೂಳು ತೆಗೆಸುವುದು, ತಂತಿಗೆ ತಾಗುವ ಟೊಂಗೆ ಕಡಿಸಲು ಇಲಾಖೆಗೆ ಅರ್ಜಿ ಕೊಡುವುದು, ಇಂಥ ಕೆಲಸಗಳ ಪಟ್ಟಿಯನ್ನು ನೀವೇ ಬರೆದುಕೊಂಡು ಹೋದರೆ ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇರೆ ಬೇಕಿಲ್ಲ.

ಲೆಕ್ಕದ ಮಾತಿಗೆ ಬಂದರೆ, ಅತಿಥಿ ನಿರ್ವಹಣೆಯಲ್ಲಿ ಮೂರು ಪದಗಳು ಪದೇ ಪದೇ ಬರುತ್ತವೆ. ಆಕ್ಯುಪೆನ್ಸಿ ಎಂದರೆ ಲಭ್ಯವಿದ್ದ ಕೋಣೆಗಳಲ್ಲಿ ನೂರಕ್ಕೆ ಎಷ್ಟು ತುಂಬಿದವು ಎಂಬುದು. 8 ಕೋಣೆ, 30 ರಾತ್ರಿ ಎಂದರೆ 240 ಕೋಣೆ–ರಾತ್ರಿಗಳು. ಅವುಗಳಲ್ಲಿ 96 ಮಾರಾಟವಾದರೆ ಶೇಕಡಾ 40. ಆ 96ರಿಂದ 2,40,000 ರೂಪಾಯಿ ಬಂದಿದ್ದರೆ ಮಾರಾಟವಾದ ಕೋಣೆಯ ಸರಾಸರಿ ದರ 2,500 ರೂಪಾಯಿ, ಇದನ್ನು ಎಡಿಆರ್ ಎನ್ನುತ್ತಾರೆ. ಅದೇ ಹಣವನ್ನು ಎಲ್ಲ 240ಕ್ಕೂ ಹಂಚಿದರೆ 1,000 ರೂಪಾಯಿ, ಇದು ರೆವ್‌ಪಾರ್. ದರ ಇಳಿಸಿ ಕೋಣೆ ತುಂಬಿಸುವುದು ಲಾಭವೋ ನಷ್ಟವೋ ಎಂದು ತಿಳಿಸುವುದು ಕೊನೆಯ ಈ ಅಂಕಿ.

ವಸತಿ ಸಮುಚ್ಚಯದ ಕೆಲಸಕ್ಕೆ ಹೋಗುವವರು ಕಾರ್ಪಸ್ ಫಂಡ್, ಅಂದರೆ ದೊಡ್ಡ ದುರಸ್ತಿಗೆಂದು ಮೊದಲೇ ಕೂಡಿಸಿಟ್ಟ ಮೂಲನಿಧಿ, ಮತ್ತು ಎಎಂಸಿ, ಅಂದರೆ ಲಿಫ್ಟು–ಜನರೇಟರುಗಳ ವಾರ್ಷಿಕ ನಿರ್ವಹಣಾ ಒಪ್ಪಂದ, ಈ ಎರಡನ್ನು ತಿಳಿದಿರಬೇಕು. ನಿವಾಸಿಗಳ ಸಂಘ ವಸೂಲು ಮಾಡುವ ನಿರ್ವಹಣಾ ಶುಲ್ಕ ಸದಸ್ಯನೊಬ್ಬನಿಗೆ ತಿಂಗಳಿಗೆ 7,500 ರೂಪಾಯಿ ಮೀರಿ, ಸಂಘದ ವಾರ್ಷಿಕ ವಹಿವಾಟೂ 20 ಲಕ್ಷ ಮೀರಿದಾಗ ಜಿಎಸ್‌ಟಿ ಅನ್ವಯಿಸುತ್ತದೆ ಎಂಬುದನ್ನೂ ಕೇಳುವವರಿದ್ದಾರೆ. ಬಾಡಿಗೆ ಕರಾರು 11 ತಿಂಗಳಿಗೇ ಏಕೆ ಎಂಬುದು ಇನ್ನೊಂದು ಮಾಮೂಲಿ ಪ್ರಶ್ನೆ: ಒಂದು ವರ್ಷ ಮೀರುವ ಗೇಣಿ ಅಥವಾ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸುವುದು ಕಡ್ಡಾಯ, ಆ ಖರ್ಚು ತಪ್ಪಿಸಲು ಹಾಗೆ ಮಾಡುತ್ತಾರೆ. ಗೋಕರ್ಣದ ಕಡೆ ಹೋಗುವವರಿಗೆ ಸಿ–ಫಾರ್ಮ್ ಗೊತ್ತಿರಲೇಬೇಕು. ವಿದೇಶಿ ಅತಿಥಿ ತಂಗಿದ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನಿನಲ್ಲಿ ತಿಳಿಸುವ ನಮೂನೆಗೆ ಜನ ಹೇಳುವ ಹೆಸರು ಅದು, ತಪ್ಪಿದರೆ ಠಾಣೆಗೆ ಓಡಾಡಬೇಕಾದವರು ಮ್ಯಾನೇಜರೇ.

4. ಕಾಗದಗಳು

ಆಧಾರ್, ಶಾಲಾ–ಕಾಲೇಜಿನ ಅಂಕಪಟ್ಟಿ, ಹಿಂದಿನ ಕೆಲಸದ ಅನುಭವ ಪತ್ರ ಇವುಗಳ ಎರಡೆರಡು ಝೆರಾಕ್ಸ್ ಸಾಕು. ಮೂಲಪ್ರತಿಗಳನ್ನು ತೋರಿಸಿ, ಕೊಡಬೇಡಿ. ‘ನಮ್ಮ ಹತ್ತಿರ ಇರಲಿ’ ಎಂದು ಮೂಲ ಅಂಕಪಟ್ಟಿ ಇಟ್ಟುಕೊಳ್ಳುವವರು ನೀವು ಕೆಲಸ ಬಿಡದಂತೆ ಕಟ್ಟಿಹಾಕುವ ಉದ್ದೇಶ ಇಟ್ಟುಕೊಂಡಿರುತ್ತಾರೆ. ಆಧಾರ್ ಪ್ರತಿಯ ಮೇಲೆ ಅದು ಯಾವ ಸಂದರ್ಶನಕ್ಕೆ, ಯಾವ ದಿನ ಕೊಟ್ಟದ್ದೆಂದು ಅಡ್ಡಲಾಗಿ ಬರೆದು ಸಹಿ ಹಾಕಿ. ಕೀಲಿಕೈ ನಂಬಿ ಕೊಡುವ ಕೆಲಸವಾದ್ದರಿಂದ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಇದ್ದರೆ ಅನುಕೂಲ. ಸೇವಾ ಸಿಂಧುವಿನಲ್ಲಿ ಅದಕ್ಕೆ ಅರ್ಜಿ ಹಾಕಬಹುದು. ನೀವು ಹಿಂದೆ ನೋಡಿಕೊಂಡ ಜಾಗದ ಫೋಟೋಗಳು, ದುರಸ್ತಿಗೆ ಮೊದಲು ಮತ್ತು ನಂತರ ತೆಗೆದವು, ಫೋನಿನಲ್ಲಿರಲಿ. ಅತಿಥಿಗಳ ಮುಖ, ಬಾಡಿಗೆದಾರರ ಕರಾರು ಇಂಥವನ್ನು ಮಾತ್ರ ಯಾರಿಗೂ ತೋರಿಸಬೇಡಿ.

5. ಸಂದರ್ಶನದ ದಿನ

ಅರ್ಧ ತಾಸು ತಡವಾಗುವುದು ಸಹಜ, ಅದರಲ್ಲೂ ಅತಿಥಿಗಳು ಹೊರಡುವ ಹನ್ನೊಂದು ಗಂಟೆಯ ಹೊತ್ತಿಗೆ. ಒಂದು ತಾಸು ಕಳೆದರೆ, ‘ನನಗೆ ಇಷ್ಟು ಗಂಟೆಯ ಬಸ್ಸಿದೆ, ಅಷ್ಟರೊಳಗೆ ಆಗದಿದ್ದರೆ ಬೇರೆ ದಿನ ಇಟ್ಟುಕೊಳ್ಳೋಣ’ ಎಂದು ಸೌಜನ್ಯದಿಂದ ಹೇಳಿ. ಕಾಯುವ ಹೊತ್ತನ್ನು ವ್ಯರ್ಥ ಮಾಡಬೇಡಿ. ನನಗೇ ಒಮ್ಮೆ ಸಮುದ್ರದಂಡೆಯ ಜಾಗವೊಂದರಲ್ಲಿ ಸಂದರ್ಶಕರು ಬರಲೇ ಇಲ್ಲ. ಕಾವಲುಗಾರರೊಡನೆ ಚಹಾ ಕುಡಿಯುತ್ತ ಕೂತ ಒಂದು ತಾಸಿನಲ್ಲಿ, ಎರಡು ವರ್ಷದಲ್ಲಿ ಮೂರು ಮ್ಯಾನೇಜರುಗಳು ಏಕೆ ಬಿಟ್ಟುಹೋದರೆಂಬುದು ತಿಳಿಯಿತು.

ಮಾಲೀಕರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇದ್ದು ವಿಡಿಯೋ ಕರೆಯಲ್ಲಿ ಮಾತನಾಡುವುದು ಈಗ ಸಾಮಾನ್ಯ. ಜೋಯಿಡಾ, ಸಿದ್ದಾಪುರದ ಒಳಹಳ್ಳಿಗಳಲ್ಲಿ ಸಿಗ್ನಲ್ ಸಿಗದೆ ಅರ್ಧ ಮಾತು ನುಂಗಿಹೋಗುತ್ತದೆ, ಆಚೆಯವರು ಅದನ್ನು ನಿಮ್ಮ ದಡ್ಡತನ ಎಂದುಕೊಳ್ಳುತ್ತಾರೆ. ನಿಮ್ಮ ಊರಿನಿಂದಲೇ ವಿಡಿಯೋ ಸಂದರ್ಶನವಾದರೆ ಮೊದಲೇ ಪೇಟೆಗೆ ಬಂದು ಕೂರುವುದು ಲೇಸು. ಮಾತಾದ ಮೇಲೆ ಮುಖ್ಯ ಅಂಶಗಳನ್ನು ಬರೆದು ಕಳುಹಿಸಿ.

ಮಾಲೀಕರು ದೂರದಲ್ಲಿದ್ದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ಎಷ್ಟು ರೂಪಾಯಿಯವರೆಗಿನ ಖರ್ಚನ್ನು ನಾನೇ ನಿರ್ಧರಿಸಬಹುದು, ಅದರ ಮೇಲಿನದಕ್ಕೆ ಯಾರನ್ನು ಕೇಳಬೇಕು?’ ಭಾನುವಾರ ರಾತ್ರಿ ಪಂಪು ಸುಟ್ಟಾಗ ಮಾಲೀಕರು ಫೋನ್ ಎತ್ತದಿದ್ದರೆ, ಊರಿನಲ್ಲಿರುವ ಅವರ ಭಾವ ಒಂದು ಹೇಳಿ, ಬೆಂಗಳೂರಿನ ಮಗ ಇನ್ನೊಂದು ಹೇಳಿದರೆ, ಅತಿಥಿಯ ಬೈಗುಳ ತಿನ್ನುವವರು ನೀವು. ಈ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡುವ ಮಾಲೀಕರೊಡನೆ ಕೆಲಸ ಮಾಡಬಹುದು ಎಂಬುದು ನನ್ನ ಅನುಭವ.

ಖಾಸಗಿ ಪ್ರಶ್ನೆಗಳು ಬರುತ್ತವೆ: ಯಾವ ಜಾತಿ, ಯಾವ ಕಡೆಯವರು, ಮದುವೆ ಯಾವಾಗ, ಮೀನು ತಿನ್ನುತ್ತೀರಾ. ಅಡುಗೆಮನೆ ಪೂರ್ತಿ ಸಸ್ಯಾಹಾರದ್ದೆಂದು ತಿಳಿಸುವುದು ಮಾಲೀಕರ ಹಕ್ಕು. ನಿಮ್ಮ ಮನೆಯಲ್ಲಿ ಏನು ಬೇಯುತ್ತದೆಂದು ಕೇಳುವುದು ಆ ಹಕ್ಕಿನೊಳಗೆ ಬರುವುದಿಲ್ಲ. ಜಗಳವಾಡದೆ ಉತ್ತರವನ್ನು ಕೆಲಸಕ್ಕೆ ತಂದು ನಿಲ್ಲಿಸಿ: ‘ಇಲ್ಲಿಯ ಅಡುಗೆಮನೆಯ ನಿಯಮ ಏನಿದೆಯೋ ಅದನ್ನು ಪಾಲಿಸುತ್ತೇನೆ.’ ಹೆಣ್ಣುಮಕ್ಕಳಿಗೆ ರಾತ್ರಿ ತಂಗುವ ಬಗ್ಗೆ ಪ್ರಶ್ನೆ ಬಂದರೆ ತಿರುಗಿ ನೀವೂ ಕೇಳಬೇಕು: ತಂಗುವ ಕೋಣೆಗೆ ಒಳಗಿನಿಂದ ಚಿಲಕವಿದೆಯೇ, ಬೇರೆ ಬಚ್ಚಲುಮನೆ ಇದೆಯೇ, ರಾತ್ರಿ ಇನ್ನಾರು ಇರುತ್ತಾರೆ. ಖಾಸಗಿ ಪ್ರಶ್ನೆಗಳೇ ಮೂರನೆಯ ಸಲವೂ ಬಂದರೆ ಮಾತು ಮುಗಿಸಿ ಎದ್ದು ಬನ್ನಿ.

‘ನಮ್ಮ ಜಾಗಕ್ಕೆ ಮೂರು ತಿಂಗಳ ಯೋಜನೆ ಬರೆದು ತನ್ನಿ, ನಿಮ್ಮ ಪರಿಚಯದ ಪ್ಲಂಬರ್, ಎಲೆಕ್ಟ್ರಿಷಿಯನ್, ಲಾಂಡ್ರಿಯವರ ನಂಬರು ಕೊಡಿ’ ಎನ್ನುವುದು ಇನ್ನೊಂದು ವರಸೆ. ಯೋಜನೆಯ ಸ್ವರೂಪವನ್ನು ಒಂದು ಪುಟದಲ್ಲಿ ಬರೆದುಕೊಡಿ. ಹೆಸರು, ನಂಬರು, ದರಪಟ್ಟಿ ಕೆಲಸಕ್ಕೆ ಸೇರಿದ ಮೇಲೆ. ಹಬ್ಬದ ದಿನವೂ ಫೋನ್ ಎತ್ತಿ ಬರುವ ಎಲೆಕ್ಟ್ರಿಷಿಯನ್ನನ ನಂಬರು ಈ ಕಸುಬಿನಲ್ಲಿ ನಿಮ್ಮ ಬಂಡವಾಳ.

6. ಜಾಗ ನೋಡದೆ ಒಪ್ಪಬೇಡಿ

ಸಂದರ್ಶನ ಚೆನ್ನಾಗಿ ಆಯಿತೆಂದು ಅನಿಸಿದರೂ ‘ಒಮ್ಮೆ ಸುತ್ತಾಡಿ ನೋಡಬಹುದೇ’ ಎಂದು ಕೇಳಿ. ಅಡುಗೆಮನೆಯಲ್ಲಿ ಮನೆಬಳಕೆಯ 14.2 ಕಿಲೋ ಕೆಂಪು ಸಿಲಿಂಡರುಗಳು ಸಾಲಾಗಿ ನಿಂತಿದ್ದರೆ, ವಾಣಿಜ್ಯ ಬಳಕೆಯ 19 ಕಿಲೋದ್ದು ಇಲ್ಲದಿದ್ದರೆ, ತಪಾಸಣೆಯ ದಿನ ಉತ್ತರ ಹೇಳಬೇಕಾದವರು ಯಾರೆಂದು ಯೋಚಿಸಿ. ಬೆಂಕಿ ನಂದಿಸುವ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಹಸಿರು ಭಾಗದಲ್ಲಿದೆಯೇ ನೋಡಿ. ವಿದ್ಯುತ್ ಫಲಕದಲ್ಲಿ ಆಘಾತ ತಡೆಯುವ ಆರ್‌ಸಿಸಿಬಿ ಸ್ವಿಚ್ಚು ಇದೆಯೇ ನೋಡಿ. ಒದ್ದೆ ಬಚ್ಚಲಿನಲ್ಲಿ ಗೀಸರು ಬಳಸುವ ಜಾಗದಲ್ಲಿ ಅದಿಲ್ಲದೆ ನಡೆಯದು. ಜನರೇಟರಿನ ಡೀಸೆಲ್ ಪುಸ್ತಕ, ಕೀಲಿಕೈಗಳ ರಿಜಿಸ್ಟರು, ಅತಿಥಿಗಳ ದಾಖಲೆ ಪುಸ್ತಕ ಇವೆಯೇ ಎಂದು ಕೇಳಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಪಂಚಾಯತ ಅಥವಾ ನಗರಸಭೆಯ ಪರವಾನಗಿ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಗೋಡೆಯ ಮೇಲೆ ಕಾಣದಿದ್ದರೆ ವಿಚಾರಿಸಿ. ಸಮುದ್ರದ ದಂಡೆಗೆ ಅಂಟಿಕೊಂಡ ಕಟ್ಟಡವಾದರೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮದ ತಕರಾರು ಇದೆಯೇ ಎಂದೂ ಕೇಳಬೇಕು. ಕಟ್ಟಡವೇ ಮುಚ್ಚಿದರೆ ನಿಮ್ಮ ಕೆಲಸವೂ ಮುಗಿಯಿತು. ಕೊನೆಯದಾಗಿ, ನಿಮಗೆ ಕೊಡುವ ಕೋಣೆಯನ್ನು ತೋರಿಸಲು ಹೇಳಿ. ‘ಅದೆಲ್ಲ ಆಮೇಲೆ ವ್ಯವಸ್ಥೆ ಮಾಡೋಣ’ ಎಂದರೆ ಅತಿಥಿಗಳಿಲ್ಲದ ದಿನ ಖಾಲಿ ಕೋಣೆ, ಇದ್ದ ದಿನ ಸ್ಟೋರ್ ರೂಮು ಎಂದರ್ಥ.

7. ಸಂಬಳ, ರಜೆ ಮತ್ತು ‘ಜೋಡಿ’ ಕೆಲಸ

ಅಕ್ಟೋಬರಿನಿಂದ ಮೇ ತನಕ ಸೀಸನ್, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಸೀಸನ್ನಿನಲ್ಲಿ ಒಪ್ಪಿದ ಸಂಬಳ ಮಳೆಗಾಲದಲ್ಲಿ ಅರ್ಧಕ್ಕಿಳಿಯುವ ಪದ್ಧತಿ ದಂಡೆಯ ಕೆಲವು ಕಡೆ ಇದೆ, ಮೊದಲೇ ಹೇಳುವವರು ಕಡಿಮೆ. ಮಳೆಗಾಲದ ನಾಲ್ಕು ತಿಂಗಳು ಎಷ್ಟು ಕೊಡುತ್ತೀರಿ ಎಂದು ನೇರವಾಗಿ ಕೇಳಿ. ಊಟ, ವಸತಿಗೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೋ ಎಂದು ಕೇಳಿ. ರಜೆಯ ವಿಷಯದಲ್ಲಿ ಹಬ್ಬದ ಹೆಸರು ಹಿಡಿದೇ ಮಾತನಾಡಿ: ಗೋಕರ್ಣದಲ್ಲಿ ಶಿವರಾತ್ರಿಗೆ, ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆಯ ಮಾರಿಕಾಂಬಾ ಜಾತ್ರೆಗೆ, ಎಲ್ಲೆಡೆ ಡಿಸೆಂಬರಿನ ಕೊನೆಯ ವಾರಕ್ಕೆ ನಿಮಗೆ ರಜೆ ಸಿಗದು, ಅದರ ಬದಲು ಯಾವಾಗ ಕೊಡುತ್ತಾರೆಂಬುದು ತೀರ್ಮಾನವಾಗಬೇಕು.

‘ಹತ್ತು ದಿನ ಕೆಲಸ ಮಾಡಿ ತೋರಿಸಿ, ಆಮೇಲೆ ನೋಡೋಣ’ ಎಂಬ ಮಾತು ಡಿಸೆಂಬರ್ 20ರ ಹೊತ್ತಿಗೇ ಕೇಳಿಬಂದರೆ ಅದು ಪರೀಕ್ಷೆಯಲ್ಲ, ಹೊಸವರ್ಷದ ಗದ್ದಲಕ್ಕೆ ಬಿಟ್ಟಿ ಆಳು. ಪರೀಕ್ಷಾವಧಿಗೂ ದಿನಗೂಲಿ ಎಷ್ಟೆಂದು ಬರೆಸಿಕೊಂಡೇ ಒಪ್ಪಿ.

ತೋಟದ ಮನೆ, ಹೋಮ್‌ಸ್ಟೇಗಳಲ್ಲಿ ‘ಗಂಡ–ಹೆಂಡತಿ ಇದ್ದರೆ ಒಳ್ಳೆಯದು’ ಎಂಬ ಬೇಡಿಕೆ ಸಾಮಾನ್ಯ. ಸಂದರ್ಶನಕ್ಕೆ ಕರೆಯುವುದು ಗಂಡನನ್ನು, ಮಾತನಾಡುವುದು ಗಂಡನ ಸಂಬಳದ್ದು. ಹೆಂಡತಿಯ ಪಾಲಿಗೆ ಬೆಳಗಿನ ದೋಸೆಯಿಂದ ರಾತ್ರಿಯ ಪಾತ್ರೆಯವರೆಗೆ, ಹಾಸಿಗೆ ಹೊದಿಕೆ ಒಗೆಯುವುದನ್ನೂ ಸೇರಿಸಿ, ಹತ್ತು ಜನರ ಕೆಲಸ. ‘ಮನೆಯವರೂ ಸ್ವಲ್ಪ ಕೈಜೋಡಿಸುತ್ತಾರಲ್ಲ’ ಎಂಬ ಮಾತಿನಲ್ಲಿ ಆ ‘ಸ್ವಲ್ಪ’ ಎಷ್ಟು ತಾಸು ಎಂದು ಕೇಳದೆ ಇರಬೇಡಿ. ಜೋಡಿ ಕೆಲಸವಾದರೆ ಇಬ್ಬರೂ ಸಂದರ್ಶನಕ್ಕೆ ಹೋಗಿ, ಎರಡು ಸಂಬಳ, ಎರಡು ಬ್ಯಾಂಕ್ ಖಾತೆ, ಎರಡು ನೇಮಕಾತಿ ಪತ್ರ ಕೇಳಿ. ಇದನ್ನು ಒಪ್ಪದ ಮಾಲೀಕರಿಗೆ ಬೇರೆ ಜೋಡಿ ಸಿಗುತ್ತದೆ ಎಂಬುದೂ ನಿಜ. ಹಾಗಿದ್ದರೂ ಈ ಒಂದು ವಿಷಯದಲ್ಲಿ ಬಗ್ಗಬಾರದೆಂದೇ ನನ್ನ ಸಲಹೆ, ಏಕೆಂದರೆ ಮೊದಲ ದಿನ ಬಿಟ್ಟಿಯಾಗಿ ಸೇರಿದ ದುಡಿಮೆಗೆ ಆಮೇಲೆ ಬೆಲೆ ಕಟ್ಟಿಸುವುದು ಬಹಳ ಕಷ್ಟ.

ಕಾನೂನು ಇಷ್ಟು ತಿಳಿದಿರಲಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಂತೆ ಅದರ ವ್ಯಾಪ್ತಿಯ ಸಂಸ್ಥೆ, ನೌಕರರನ್ನು ನೇಮಿಸಿಕೊಂಡ 30 ದಿನದೊಳಗೆ ಲಿಖಿತ ನೇಮಕಾತಿ ಆದೇಶ ಕೊಡಬೇಕು, ವಾರಕ್ಕೊಂದು ರಜೆಯೂ ಇರಬೇಕು. 20 ಅಥವಾ ಹೆಚ್ಚು ನೌಕರರಿದ್ದಲ್ಲಿ ಭವಿಷ್ಯನಿಧಿ ಅನ್ವಯಿಸುತ್ತದೆ. 10 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ನೌಕರರ ವಿಮೆಯಾದ ಇಎಸ್‌ಐ. ಒಬ್ಬರದೇ ಖಾಸಗಿ ಮನೆಯ ಉಸ್ತುವಾರಿಗೆ ಈ ರಕ್ಷಣೆಗಳು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದಲೇ ಅಂಥ ಕಡೆ ಸಂಬಳ, ರಜೆ, ಕೆಲಸದ ವಿವರ, ಬಿಡಿಸುವ ಮುನ್ನ ಕೊಡಬೇಕಾದ ಸೂಚನೆಯ ಅವಧಿ ಇವು ಬಿಳಿ ಹಾಳೆಯ ಮೇಲಾದರೂ ಇಬ್ಬರ ಸಹಿಯೊಡನೆ ಇರಬೇಕು.

8. ಬಂದ ಮೇಲೆ

ಮರುದಿನ ಒಂದು ಸಂದೇಶ ಕಳುಹಿಸಿ: ಮಾತಾದ ಸಂಬಳ, ಸೇರುವ ದಿನ, ನೋಡಿದ ಜಾಗ. ಏಳು ದಿನ ಬಿಟ್ಟು ಒಮ್ಮೆ ವಿಚಾರಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಇಲ್ಲ ಎಂದೇ ತಿಳಿದು ಮುಂದೆ ನಡೆಯಿರಿ. ಮೂರನೆಯ ಸಲ ಕರೆ ಮಾಡುವುದರಿಂದ ಕೆಲಸ ಸಿಕ್ಕವರನ್ನು ನಾನು ಕಂಡಿಲ್ಲ. ಕೈಯಲ್ಲಿ ಪತ್ರ ಬರುವವರೆಗೆ ಈಗಿನ ಕೆಲಸವನ್ನು ಬಿಡಬೇಡಿ, ಬಾಯಿಮಾತಿನ ಮೇಲೆ ಮನೆಸಾಮಾನು ಕಟ್ಟಬೇಡಿ.

ಕೆಲಸ ಸಿಕ್ಕಿದರೆ, ಸೇರಿದ ದಿನ ಕೋಣೆಗೆ ಚೀಲ ಇಡುವ ಮೊದಲೇ ಒಂದು ಸುತ್ತು ಹಾಕಿ. ಪ್ರತಿ ಆರ್.ಆರ್. ನಂಬರಿನ ವಿದ್ಯುತ್ ಮೀಟರಿನ ಓದು, ಜನರೇಟರು ಓಡಿದ ತಾಸು, ಡೀಸೆಲ್ ಮಟ್ಟ, ಸಿಲಿಂಡರುಗಳ ಸಂಖ್ಯೆ, ಒಡೆದ ಗಾಜು, ಸೋರಿದ ಕಲೆ ಎಲ್ಲದರ ಫೋಟೋ ತೆಗೆದು ಅಂದೇ ಮಾಲೀಕರಿಗೆ ಕಳುಹಿಸಿ. ಕೀಲಿಕೈಗಳನ್ನು ಎಣಿಸಿ ಬರೆದುಕೊಂಡು, ಕೊಟ್ಟವರ ಸಹಿ ಹಾಕಿಸಿಕೊಂಡ ಮೇಲೆಯೇ ತೆಗೆದುಕೊಳ್ಳಿ.